ಹೊದಿಕೆ ಒದೆಯುವ ಮಗುವನ್ನು ಚಳಿಗಾಲದಲ್ಲಿ ಬೆಚ್ಚಗೆ ಮಲಗಿಸುವುದು

ನನ್ನ ಮಗಳಿಗೆ ಈಗ ಎರಡು ವರ್ಷ ಮೂರು ತಿಂಗಳು. ರಾತ್ರಿ ಒಂಬತ್ತಕ್ಕೆ ನೆಟ್ಟಗೆ ಮಲಗಿದವಳು ಹನ್ನೊಂದರ ಹೊತ್ತಿಗೆ ಅಡ್ಡ ತಿರುಗಿರುತ್ತಾಳೆ. ಎರಡು ಗಂಟೆಗೆ ಅವಳ ಕಾಲು ನನ್ನ ಎದೆ ಮೇಲೆ. ಐದಕ್ಕೆ ನೋಡಿದರೆ ಹಾಸಿಗೆಯ ಆ ತುದಿಯಲ್ಲಿ ಮಂಡಿ ಮಡಚಿಕೊಂಡು ಬೋರಲು. ಹೊದಿಕೆ ನೆಲದ ಮೇಲೆ. ಕಳೆದ ವರ್ಷ ಡಿಸೆಂಬರ್ ಪೂರ್ತಿ ನಾನು ರಾತ್ರಿಗೆ ಆರೇಳು ಸಲ ಎದ್ದು ಹೊದಿಸುತ್ತಿದ್ದೆ, ಅವಳು ಆರೇಳು ಸಲ ಒದೆಯುತ್ತಿದ್ದಳು. ಬೆಳಿಗ್ಗೆ ಇಬ್ಬರಿಗೂ ನಿದ್ದೆ ಇಲ್ಲ, ಅವಳಿಗೆ ಮೂಗು ಸೋರುವುದು ಬೇರೆ. ನಿಮ್ಮ ಮನೆಯಲ್ಲೂ ಇದೇ ಕತೆ ಆಗಿದ್ದರೆ ಈ ಬರಹ ನಿಮಗೇ. ಒಂದು ವರ್ಷ ದಾಟಿದ, ಹೊರಳಾಡುವ, ಎದ್ದು ನಡೆಯುವ ಮಕ್ಕಳ ಬಗ್ಗೆ ಮಾತ್ರ ಹೇಳುತ್ತಿದ್ದೇನೆ. ವರ್ಷದೊಳಗಿನ ಕೂಸಿನ ಲೆಕ್ಕವೇ ಬೇರೆ: ಅದಕ್ಕೆ ದಿಂಬು ಬೇಡ, ಸಡಿಲವಾದ ಹೊದಿಕೆ ಬೇಡ, ಅಂಗಾತ ಮಲಗಿಸಬೇಕು, ಅಷ್ಟೇ.

ಮೊದಲು ಮುಖ್ಯ ವಿಷಯ ಹೇಳಿಬಿಡುತ್ತೇನೆ. ಹೊದಿಸುವುದನ್ನು ಬಿಡಿ. ಹೊರಳಾಡುವ ಮಗುವಿನ ಮೇಲೆ ಯಾವ ಹೊದಿಕೆಯೂ ನಿಲ್ಲುವುದಿಲ್ಲ, ರಜಾಯಿ ಆಗಲಿ, ಕಂಬಳಿ ಆಗಲಿ, ಎಷ್ಟೇ ದುಡ್ಡು ಕೊಟ್ಟು ತಂದಿದ್ದಾಗಲಿ. ಬೆಚ್ಚಗಿರುವುದನ್ನು ಮೈಗೆ ತೊಡಿಸಬೇಕು. ಮಗು ಎಲ್ಲಿಗೆ ಉರುಳಿದರೂ ಅದು ಜೊತೆಗೇ ಉರುಳಬೇಕು.

ಮಗು ಹೊದಿಕೆ ಯಾಕೆ ಒದೆಯುತ್ತೆ ಅಂತ ತಿಳಿದುಕೊಂಡರೆ ಅರ್ಧ ಕೆಲಸ ಆದಂತೆ. ನಿದ್ದೆ ಹತ್ತುವಾಗ ಮೈ ತನ್ನೊಳಗಿನ ಬಿಸಿಯನ್ನು ಕೈಕಾಲಿನ ಚರ್ಮದಿಂದ ಹೊರಗೆ ಬಿಡುತ್ತದೆ. ಅದಕ್ಕೇ ಮಲಗಿದ ಮೊದಲ ಒಂದೆರಡು ಗಂಟೆ ಮಕ್ಕಳ ನೆತ್ತಿ, ಕತ್ತು ಬೆವರಿರುತ್ತದೆ, ದಿಂಬು ಒದ್ದೆ ಆಗಿರುತ್ತದೆ. ಆ ಹೊತ್ತಿಗೇ ನಾವು "ಚಳಿ ಇದೆ" ಅಂತ ದಪ್ಪಗೆ ಹೊದಿಸುತ್ತೇವೆ. ಮಗುವಿಗೆ ಸೆಕೆ, ಒದೆಯುತ್ತದೆ. ನಿಜವಾದ ಚಳಿ ಬರುವುದು ಬೆಳಗಿನ ಜಾವ, ನಾಲ್ಕರಿಂದ ಆರು ಗಂಟೆ. ಆಗ ಹೊರಗಿನ ಗಾಳಿಯೂ ತಣ್ಣಗೆ, ಮೈಯ ಬಿಸಿಯೂ ಕಡಿಮೆ, ಹೊದಿಕೆಯೂ ಇಲ್ಲ. ಅಂದರೆ ಬೇಡದ ಹೊತ್ತಲ್ಲಿ ಜಾಸ್ತಿ, ಬೇಕಾದ ಹೊತ್ತಲ್ಲಿ ಏನೂ ಇಲ್ಲ. ಜೊತೆಗೆ ಈ ವಯಸ್ಸಿನ ಮಕ್ಕಳ ನಿದ್ದೆಯ ಒಂದು ಸುತ್ತು ಹೆಚ್ಚುಕಡಿಮೆ ಒಂದು ಗಂಟೆಗೇ ಮುಗಿಯುತ್ತದೆ, ನಮ್ಮದು ಒಂದೂವರೆ ಗಂಟೆ. ಪ್ರತಿ ಸುತ್ತಿನ ಕೊನೆಗೆ ಸ್ವಲ್ಪ ಎಚ್ಚರವಾಗಿ, ಮುಲುಗಿ, ಮಗ್ಗುಲು ಬದಲಿಸಿ ಮತ್ತೆ ಮಲಗುತ್ತವೆ. ಇದು ಕಾಯಿಲೆ ಅಲ್ಲ. ಆಗ ನಾವು ಹೊದಿಸಲು ಹೋಗಿ ಮುಟ್ಟಿದರೆ ಮಾತ್ರ ಪೂರ್ತಿ ಎಚ್ಚರವಾಗಿ ಅಳಲು ಶುರು. ಅದು ನನಗೆ ಅರ್ಥವಾಗಲು ಒಂದು ಇಡೀ ತಿಂಗಳು ಬೇಕಾಯಿತು.

ನಾವಿರುವುದು ಬೆಂಗಳೂರಿನಲ್ಲಿ, ಕೆಳಗಿನ ಮನೆ, ಬಿಸಿಲು ಬೀಳದ ಕೋಣೆ. ಬೆಂಗಳೂರಿಗೆ ಏನು ಚಳಿ ಅನ್ನುತ್ತಾರೆ ಕೆಲವರು. 1884ರ ಜನವರಿ 13ರಂದು ಇಲ್ಲಿ 7.8 ಡಿಗ್ರಿಗೆ ಇಳಿದಿತ್ತು, ಅದು ಈವರೆಗಿನ ದಾಖಲೆ. ಈಗ ಅಷ್ಟೆಲ್ಲ ಇಳಿಯುವುದಿಲ್ಲ, ಆದರೂ ಡಿಸೆಂಬರ್ ಜನವರಿಯ ಬೆಳಗಿನ ಜಾವ 15ರ ಸುತ್ತ ಇರುತ್ತದೆ, ಕೆಲವು ದಿನ ಇನ್ನೂ ಕೆಳಗೆ. ಬೀದರ್, ವಿಜಯಪುರದ ಕಡೆ ಕೆಲವು ರಾತ್ರಿ 10ಕ್ಕಿಂತ ಕೆಳಗೆ ಹೋಗುತ್ತದೆ. ನಮ್ಮ ಮನೆಗಳು ಬೇಸಿಗೆಗೆ ಅಂತ ಕಟ್ಟಿದವು. ಟೈಲ್ಸ್ ನೆಲ, ಸರಿಯಾಗಿ ಮುಚ್ಚದ ಕಿಟಕಿ, ಬಾಗಿಲ ಕೆಳಗೆ ಬೆರಳು ತೂರುವಷ್ಟು ಸಂದಿ. ಒಂದು ಚಿಕ್ಕ ಥರ್ಮಾಮೀಟರ್ ತಂದು ಮಗು ಮಲಗುವ ಮಟ್ಟದಲ್ಲೇ, ಅವಳ ಕೈಗೆ ಸಿಗದ ಕಡೆ ಇಟ್ಟು ನೋಡಿದೆ. ರಾತ್ರಿ ಹತ್ತಕ್ಕೆ 22 ಇದ್ದದ್ದು ಬೆಳಿಗ್ಗೆ ಐದಕ್ಕೆ 18. ನೀವೂ ಒಂದು ವಾರ ಹೀಗೆ ಅಳೆದು ನೋಡಿ. ನಿಮಗೆ ಚಳಿ ಆಗುತ್ತಿದೆ ಅನ್ನುವುದಕ್ಕಿಂತ ಆ ಅಂಕಿ ಹೆಚ್ಚು ನಂಬಿಕೆಗೆ ಅರ್ಹ.

ಇನ್ನು ಬಟ್ಟೆ. ಮೈಗೆ ಅಂಟುವ ಪದರ ಹತ್ತಿಯದ್ದೇ ಆಗಿರಬೇಕು: ತೆಳ್ಳನೆಯ ತೋಳಿಲ್ಲದ ಬನಿಯನ್. ಅದು ಬೆವರನ್ನು ಹೀರುತ್ತದೆ. ಅದರ ಮೇಲೆ ಉದ್ದ ತೋಳಿನ ಹತ್ತಿ ಅಂಗಿ, ಕೆಳಗೆ ಪೈಜಾಮ. ಅಂಗಿಯನ್ನು ಪೈಜಾಮದ ಒಳಗೆ ಸೇರಿಸಿ, ಇಲ್ಲದಿದ್ದರೆ ಒಂದು ಸಲ ಹೊರಳಿದ ಕೂಡಲೇ ಹೊಟ್ಟೆ, ಸೊಂಟ ಬಯಲಾಗುತ್ತದೆ. ಅಂಗಿ ಪೈಜಾಮ ಒಂದೇ ಆಗಿ ಹೊಲಿದಿರುವ ರಾಂಪರ್ ಸಿಕ್ಕರೆ ಇನ್ನೂ ಒಳ್ಳೆಯದು, ಆದರೆ ಡೈಪರ್ ಬದಲಿಸಲು ಕೆಳಗೆ ಬಟನ್ ಇರುವುದನ್ನೇ ತನ್ನಿ. ಉಲ್ಲನ್ ಸ್ವೆಟರ್ ಹಾಕಿ ಮಲಗಿಸಬೇಡಿ. ಸಂಜೆ ಅಂಗಳಕ್ಕೆ, ಬೆಳಿಗ್ಗೆ ಹೊರಗೆ ಹೋಗುವಾಗ ಸ್ವೆಟರ್ ಸರಿ, ಹಾಸಿಗೆಯಲ್ಲಿ ಅಲ್ಲ. ಉಲ್ಲನ್ ಚುಚ್ಚುತ್ತದೆ, ಮಗು ಕೆರೆದುಕೊಳ್ಳುತ್ತದೆ, ಸುಮ್ನೆ ಇನ್ನೊಂದು ಕಾರಣಕ್ಕೆ ಎದ್ದಂತೆ. ಫ್ಲೀಸ್ ಬಟ್ಟೆ ಮುಟ್ಟಲು ಮೆತ್ತಗಿರುತ್ತದೆ, ಆದರೆ ಬೆವರು ಹೀರುವುದಿಲ್ಲ. ಅದನ್ನು ಹಾಕುವುದಾದರೆ ಒಳಗೆ ಹತ್ತಿ ಇರಲೇಬೇಕು.

ಈ ಎರಡು ಪದರದ ಮೇಲೆ ಬೇಕಾಗುವುದೇ ತೊಡುವ ಹೊದಿಕೆ. ಅಂಗಡಿಯಲ್ಲಿ ಸ್ಲೀಪಿಂಗ್ ಬ್ಯಾಗ್ ಅಂತ ಸಿಗುತ್ತದೆ. ತೋಳಿಲ್ಲದ ನಿಲುವಂಗಿಯ ಥರ, ಕೆಳಗೆ ಚೀಲದ ಹಾಗೆ ಮುಚ್ಚಿರುತ್ತದೆ. ಕೈ ಹೊರಗೆ, ಕಾಲು ಒಳಗೆ. ಅದರ ಮೇಲೆ ಟಾಗ್ ಅಂತ ಒಂದು ಅಂಕಿ ಇರುತ್ತದೆ, ಬಟ್ಟೆ ಬಿಸಿಯನ್ನು ಎಷ್ಟು ಹಿಡಿದಿಡುತ್ತದೆ ಅನ್ನುವ ಅಳತೆ ಅದು, 1940ರ ದಶಕದಲ್ಲಿ ಇಂಗ್ಲೆಂಡಿನ ಬಟ್ಟೆ ಸಂಶೋಧಕರು ಮಾಡಿದ್ದು. ಕೋಣೆ 24ರಿಂದ 27 ಡಿಗ್ರಿ ಇದ್ದರೆ 0.5 ಟಾಗ್, 20ರಿಂದ 24 ಇದ್ದರೆ 1, 16ರಿಂದ 20 ಇದ್ದರೆ 2.5 ಅಂತ ಸಾಮಾನ್ಯ ಲೆಕ್ಕ. ಬೆಂಗಳೂರು, ಮೈಸೂರಿನ ಹೆಚ್ಚಿನ ಮನೆಗಳಿಗೆ 1 ಟಾಗ್ ಸಾಕು, ತೀರಾ ಚಳಿಯ ವಾರಗಳಲ್ಲಿ ಒಳಗೆ ಒಂದು ಪದರ ಜಾಸ್ತಿ ಮಾಡಿದರಾಯಿತು. ಮಡಿಕೇರಿ, ಚಿಕ್ಕಮಗಳೂರಿನ ಕಡೆಯವರಿಗೆ 2.5ರದ್ದು ಬೇಕಾಗಬಹುದು. ಮಂಗಳೂರು, ಉಡುಪಿಯವರಿಗೆ ಇದರ ಗೊಡವೆಯೇ ಇಲ್ಲ, ಎಸಿ ಹಾಕುವ ಮನೆ ಬಿಟ್ಟರೆ. ಒಂದು ಎಚ್ಚರ: ಒಳಗೆ ಮಣಿ ತುಂಬಿದ ಭಾರದ ಹೊದಿಕೆ, ಭಾರದ ಚೀಲ ಈಗ ಮಾರಾಟಕ್ಕೆ ಬರುತ್ತಿವೆ, ಮಗು ಒದ್ದಾಡದೆ ಮಲಗುತ್ತದೆ ಅಂತ. ಚಿಕ್ಕ ಮಕ್ಕಳಿಗೆ ಅದು ಬೇಡವೇ ಬೇಡ. ಎದೆಯ ಮೇಲೆ ಭಾರ ಬಿದ್ದರೆ ತಾವಾಗಿ ತಳ್ಳಿಕೊಳ್ಳುವ ಶಕ್ತಿ ಅವಕ್ಕೆ ಇರುವುದಿಲ್ಲ.

ನಾನು ಅಂಗಡಿಯದ್ದು ಕೊಳ್ಳಲಿಲ್ಲ. ಕಳೆದ ಜನವರಿಯಲ್ಲಿ ಧಾರವಾಡದಿಂದ ಅವ್ವ ಬಂದಾಗ ಮೊಮ್ಮಗಳಿಗೆ ಅಂತ ಒಂದು ಚಿಕ್ಕ ಕೌದಿ ತಂದಿದ್ದಳು. ತನ್ನ ಹಳೆಯ ಹತ್ತಿ ಸೀರೆಗಳನ್ನು ಪದರ ಮಾಡಿ, ಬೆರಳಗಲಕ್ಕೊಂದು ಸಾಲು ದಾರ ಓಡಿಸಿ ಹೊಲಿದದ್ದು. ನೂರು ಸಲ ಒಗೆದ ಸೀರೆ ಎಷ್ಟು ಮೆತ್ತಗಿರುತ್ತದೆ ಅಂತ ಗೊತ್ತಲ್ವಾ? ಅದನ್ನೂ ಮಗಳು ಮೊದಲ ರಾತ್ರಿಯೇ ಒದ್ದಳು. ಅವ್ವನಿಗೆ ಬೇಜಾರಾಗದ ಹಾಗೆ ಮೆಲ್ಲಗೆ ಕೇಳಿದೆ, ಇದನ್ನೇ ಅಂಗಿ ಮಾಡಿಸಲಾ ಅಂತ. "ಮಾಡಸು, ಕೂಸಿನ ಮೈಮ್ಯಾಲ ಇದ್ರ ಸಾಕು" ಅಂದಳು. ನಮ್ಮ ಬೀದಿಯ ಟೈಲರ್ ಒಂದು ಸಂಜೆಯಲ್ಲಿ ಹೊಲಿದು ಕೊಟ್ಟರು.

ಅಳತೆ ಹೇಳುತ್ತೇನೆ, ನೀವೂ ಮಾಡಿಸಬಹುದು. ಆಗ ಮಗಳ ಎತ್ತರ 80 ಸೆಂಟಿಮೀಟರ್, ಭುಜದಿಂದ ಪಾದದವರೆಗೆ 61. ಚೀಲದ ಉದ್ದ ಭುಜದಿಂದ ಕೆಳಗೆ 75 ಇಟ್ಟೆ, ಕಾಲು ಚಾಚಲು, ಮಡಚಲು ಅಷ್ಟು ಜಾಗ ಬೇಕು. ಎದೆಯ ಹತ್ತಿರ ಅಗಲ 31, ಕೆಳಗೆ ಹೋಗುತ್ತಾ 45. ಕೆಳಗೆ ಅಗಲ ಇದ್ದರೆ ಮಗು ಕಪ್ಪೆಯ ಹಾಗೆ ಕಾಲು ಮಡಚಿ ಮಲಗಬಹುದು, ಬಿಗಿ ಮಾಡಿದರೆ ಸೊಂಟದ ಕೀಲಿಗೂ ಒಳ್ಳೆಯದಲ್ಲ. ಎಲ್ಲಕ್ಕಿಂತ ಮುಖ್ಯ ಕುತ್ತಿಗೆ. ತೊಡಿಸಿದ ಮೇಲೆ ಕುತ್ತಿಗೆಯ ಸುತ್ತ ನಿಮ್ಮ ಎರಡು ಬೆರಳು ಹೋಗಬೇಕು, ಅದಕ್ಕಿಂತ ಸಡಿಲ ಬೇಡ. ತಲೆ ಒಳಗೆ ಜಾರುವ ಹಾಗಿದ್ದರೆ ಆ ಬಟ್ಟೆ ಅಪಾಯ. ತೋಳಿನ ತೂತು ಕೂಡ ಹಾಗೇ, ಕೈ ಆಡುವಷ್ಟು ಇದ್ದರೆ ಸಾಕು. ತೊಡಿಸಲು ಸುಲಭ ಆಗಲಿ ಅಂತ ಎರಡೂ ಭುಜಕ್ಕೆ ಪ್ರೆಸ್ ಬಟನ್ ಹಾಕಿಸಿದೆ. ಮುಂದೆ ಜಿಪ್ ಬೇಡ ಅಂದೆ, ಈ ವಯಸ್ಸಿನವರು ಜಿಪ್ ಎಳೆದು ಆಟ ಆಡುತ್ತಾರೆ, ಗಲ್ಲಕ್ಕೂ ಚುಚ್ಚುತ್ತದೆ. ಲಾಡಿ, ದಾರ, ಟೋಪಿ, ಅಲಂಕಾರದ ಗುಂಡಿ ಯಾವುದೂ ಇರಬಾರದು. ಪ್ರೆಸ್ ಬಟನ್‌ಗಳನ್ನು ವಾರಕ್ಕೊಮ್ಮೆ ಎಳೆದು ನೋಡಿ, ಸಡಿಲವಾದದ್ದು ಬಾಯಿಗೆ ಹೋಗುತ್ತದೆ.

ಕೆಳಗಿನ ಅಂಚನ್ನು ಹೊಲಿದು ಮುಚ್ಚಿಸಲಿಲ್ಲ, ಅಲ್ಲೂ ಐದು ಪ್ರೆಸ್ ಬಟನ್. ಇದರಿಂದ ಎರಡು ಲಾಭ. ಒಂಬತ್ತಕ್ಕೆ ಮಲಗಿಸುವಾಗ ಕೆಳಗೆ ತೆರೆದೇ ಇರುತ್ತದೆ, ಪಾದ ಹೊರಗೆ, ಮೊದಲ ಹೊತ್ತಿನ ಬಿಸಿ ಹೊರಗೆ ಹೋಗುತ್ತದೆ, ಬೆವರುವುದಿಲ್ಲ. ಹನ್ನೊಂದಕ್ಕೆ ನಾನು ಮಲಗುವಾಗ ಅವಳು ಗಾಢ ನಿದ್ದೆಯಲ್ಲಿರುತ್ತಾಳೆ. ಆಗ ಪಾದ ಒಳಗೆ ಸೇರಿಸಿ ಐದೂ ಬಟನ್ ಒತ್ತುತ್ತೇನೆ. ಬೆರಳಿನ ಮಧ್ಯೆ ಹಿಡಿದು ಮೆಲ್ಲಗೆ ಒತ್ತಬೇಕು, ಟಕ್ ಅಂತ ಸದ್ದಾದರೆ ಮುಖ ಕಿವುಚುತ್ತಾಳೆ. ಇನ್ನೊಂದು ಲಾಭ, ಬೆಳಿಗ್ಗೆ ಎದ್ದ ಕೂಡಲೇ ಬಟನ್ ಬಿಚ್ಚಿದರೆ ಅದೇ ನಿಲುವಂಗಿ. ಆದರೆ ಉದ್ದ ಇರುವುದರಿಂದ ಹಾಗೇ ಓಡಲು ಬಿಡಬೇಡಿ, ಎಡವುತ್ತಾರೆ. ರಾತ್ರಿ ತಾನಾಗಿ ಎದ್ದು ನಡೆದು ಬರುವ ಮಗುವಾದರೆ ಚೀಲದ ಸಹವಾಸ ಬೇಡ. ಪೈಜಾಮದ ಥರ ಎರಡು ಕಾಲು ಇರುವ, ಹತ್ತಿ ತುಂಬಿದ ರಾತ್ರಿ ಉಡುಪು ಅದಕ್ಕೆ ಸರಿ.

ಬೆಚ್ಚಗಿದೆಯೋ ಇಲ್ಲವೋ ನೋಡುವುದು ಹೇಗೆ? ನಾನು ಯಾವಾಗಲೂ ಕೈ ಮುಟ್ಟಿ ನೋಡಿ, "ಅಯ್ಯೋ ಐಸ್ ಆಗಿದೆ" ಅಂತ ಇನ್ನೊಂದು ಪದರ ಹಾಕುತ್ತಿದ್ದೆ. ಅವ್ವ ಒಂದು ರಾತ್ರಿ ನನ್ನ ಕೈ ಹಿಡಿದು ಮಗಳ ಕತ್ತಿನ ಹಿಂದಿನಿಂದ ಅಂಗಿಯೊಳಗೆ ಬೆನ್ನಿಗೆ ಇಳಿಸಿದಳು. "ಕೈ ಮುಟ್ಟಬ್ಯಾಡ, ಬೆನ್ನು ಮುಟ್ಟಿ ನೋಡು" ಅಂದಳು. ಬೆನ್ನು ಬಿಸಿ ಬಿಸಿ, ಬೆವರಿನ ಪಸೆ ಕೂಡ ಇತ್ತು. ಮಕ್ಕಳ ಕೈ, ಪಾದ ತಣ್ಣಗಿರುವುದು ಸಹಜ, ಅದನ್ನು ನಂಬಬಾರದು. ಕತ್ತಿನ ಹಿಂಭಾಗ, ಎದೆ, ಬೆನ್ನು ಇವೇ ಸರಿಯಾದ ಜಾಗ. ಅಲ್ಲಿ ಒಣಗಿ, ಹದವಾಗಿ ಬೆಚ್ಚಗಿದ್ದರೆ ಏನೂ ಮಾಡಬೇಡಿ. ಬೆವರಿದ್ದರೆ, ಕೆನ್ನೆ ಕೆಂಪಾಗಿದ್ದರೆ, ಉಸಿರು ಜೋರಾಗಿದ್ದರೆ ಒಂದು ಪದರ ತೆಗೆಯಿರಿ. ತಣ್ಣಗಿದ್ದರೆ ಮಾತ್ರ ಒಂದು ಸೇರಿಸಿ. ಮುಟ್ಟುವ ಮೊದಲು ನಿಮ್ಮ ಕೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳಿ. ಬೆವರಿ ಒದ್ದೆಯಾದ ಬಟ್ಟೆಯಲ್ಲಿ ಬೆಳಗಿನ ಜಾವ ಮಲಗಿದ ಮಗುವಿಗೆ ಆಗುವ ಚಳಿ ಬಟ್ಟೆ ಕಡಿಮೆ ಹಾಕಿದ ಮಗುವಿಗೂ ಆಗುವುದಿಲ್ಲ, ಇದನ್ನು ನಾನು ನೋಡಿ ಕಲಿತದ್ದು.

ಟೋಪಿಯ ವಿಷಯಕ್ಕೆ ಹಿರಿಯರ ಜೊತೆ ಎಲ್ಲರ ಮನೆಯಲ್ಲೂ ಒಂದು ಮಾತು ಬಂದೇ ಬರುತ್ತದೆ. ಅವ್ವ ಕುಂಚಿಗೆಯನ್ನೂ ತಂದಿದ್ದಳು, ತಲೆ, ಕಿವಿ, ಬೆನ್ನು ಎಲ್ಲ ಮುಚ್ಚುವಂಥದ್ದು. ನೋಡಲು ಎಷ್ಟು ಚೆಂದ! ಆದರೆ ಚಿಕ್ಕ ಮಕ್ಕಳ ತಲೆ ಮೈಗೆ ಹೋಲಿಸಿದರೆ ದೊಡ್ಡದು, ಹೆಚ್ಚಾದ ಬಿಸಿ ಹೊರಗೆ ಹೋಗಲು ಅದೂ ಒಂದು ದಾರಿ. ಮಲಗಿದಾಗ ಟೋಪಿ ಹಾಕಿದರೆ ಆ ದಾರಿ ಮುಚ್ಚುತ್ತದೆ, ಹೊರಳುವಾಗ ಜಾರಿ ಮೂಗು ಬಾಯಿ ಮುಚ್ಚುವ ಭಯ ಬೇರೆ, ಕಟ್ಟುವ ಲಾಡಿ ಕುತ್ತಿಗೆಗೆ ಸುತ್ತುವ ಭಯ ಇನ್ನೊಂದು. ನಾವು ಹೀಗೆ ಮಾಡಿಕೊಂಡೆವು: ಸಂಜೆ ಅಜ್ಜಿಯ ಮಡಿಲಲ್ಲಿ ಕೂರುವಾಗ, ಬೆಳಿಗ್ಗೆ ಹೂ ಕೀಳಲು ಹೋಗುವಾಗ ಕುಂಚಿಗೆ, ಹಾಸಿಗೆಗೆ ಬಂದಾಗ ತೆಗೆದು ಗೂಟಕ್ಕೆ. ಕಾಲುಚೀಲ ಹಾಕಬಹುದು, ಎಲಾಸ್ಟಿಕ್ ಗುರುತು ಬೀಳದಷ್ಟು ಸಡಿಲ ಇರಲಿ. ಚೀಲ ತೊಟ್ಟಿದ್ದರೆ ಅದೂ ಬೇಕಾಗುವುದಿಲ್ಲ.

ಹೆಚ್ಚಿನವರು ಮರೆಯುವುದು ಕೆಳಗಿನ ಚಳಿ. ಮೇಲೆ ಎಷ್ಟು ಹೊದಿಸಿದರೂ ಟೈಲ್ಸ್ ಮೇಲೆ ತೆಳ್ಳನೆಯ ಹಾಸಿಗೆ ಹಾಕಿದರೆ ತಣ್ಣನೆ ಕೆಳಗಿನಿಂದ ಏರುತ್ತದೆ. ಒದ್ದಾಡುವ ಮಗುವಿಗೆ ನೆಲದ ಹಾಸಿಗೆಯೇ ಒಳ್ಳೆಯದು, ಬಿದ್ದರೂ ಒಂದು ಗೇಣು. ಆದರೆ ಕೆಳಗೆ ಮೊದಲು ಚಾಪೆ, ಅದರ ಮೇಲೆ ಜಮಖಾನ, ಅದರ ಮೇಲೆ ಹತ್ತಿ ಹಾಸಿಗೆ. ಹೊರಗೋಡೆಗೆ ಒತ್ತಿ ಹಾಕಬೇಡಿ, ಆ ಗೋಡೆ ರಾತ್ರಿಯಿಡೀ ತಣ್ಣಗಿರುತ್ತದೆ. ಹಾಸಿಗೆಗೂ ಗೋಡೆಗೂ ನಡುವೆ ಮಗು ಸಿಕ್ಕಿಕೊಳ್ಳುವಂಥ ಇಕ್ಕಟ್ಟಾದ ಸಂದಿಯೂ ಇರಬಾರದು, ಒಂದು ಮೊಳ ದೂರವೇ ಇರಲಿ. ವಾರಕ್ಕೊಮ್ಮೆಯಾದರೂ ಹಾಸಿಗೆಯನ್ನು ಬಿಸಿಲಿಗೆ ಹಾಕಿ. ಬಿಸಿಲು ಕುಡಿದ ಹತ್ತಿ ಉಬ್ಬಿಕೊಳ್ಳುತ್ತದೆ, ಗಾಳಿ ತುಂಬಿಕೊಳ್ಳುತ್ತದೆ, ಆ ಗಾಳಿಯೇ ಬೆಚ್ಚಗಿಡುವುದು. ರಬ್ಬರ್ ಶೀಟ್ ಹಾಸುವವರು ಅದರ ಮೇಲೆ ಬರೀ ತೆಳು ಬೆಡ್‌ಶೀಟ್ ಹಾಕಿದರೆ ಮೊದಲು ತಣ್ಣಗೆ, ಆಮೇಲೆ ಬೆವರು. ಮಧ್ಯೆ ಒಂದು ದಪ್ಪ ಹತ್ತಿ ದುಪ್ಪಟಿ ಇರಲಿ. ಹಾಸಿಗೆ ಮುಟ್ಟಿದ ಕೂಡಲೇ ಮಗು ಬೆಚ್ಚಿ ಅಳುತ್ತದೆ ಅಂದರೆ, ಮಲಗಿಸುವ ಹತ್ತು ನಿಮಿಷ ಮೊದಲು ಬಿಸಿನೀರಿನ ಚೀಲವನ್ನು ಅಲ್ಲಿ ಇಟ್ಟು, ಮಗುವನ್ನು ಮಲಗಿಸುವ ಮುಂಚೆ ತಪ್ಪದೆ ತೆಗೆದುಬಿಡಿ. ಮಗುವಿನ ಜೊತೆ ಅದನ್ನು ಬಿಡಬಾರದು, ಸೋರಿದರೆ, ಚರ್ಮಕ್ಕೆ ತಾಗಿದರೆ ಸುಡುತ್ತದೆ. ಎಲೆಕ್ಟ್ರಿಕ್ ಕಂಬಳಿಯಂತೂ ಚಿಕ್ಕವರಿಗೆ ಬೇಡ.

ಕೋಣೆ ಬೆಚ್ಚಗಾಗಲು ದೊಡ್ಡ ಖರ್ಚು ಬೇಕಿಲ್ಲ. ಸಂಜೆ ಐದಕ್ಕೇ ಕಿಟಕಿ ಹಾಕಿ, ದಪ್ಪ ಪರದೆ ಎಳೆಯಿರಿ. ಬಾಗಿಲ ಕೆಳಗಿನ ಸಂದಿಗೆ ಹಳೆಯ ಟವೆಲ್ ಸುರುಳಿ ಸುತ್ತಿ ಇಡಿ. ವೆಂಟಿಲೇಟರ್ ಮಾತ್ರ ಮುಚ್ಚಬೇಡಿ, ಉಸಿರಾಡಲು ಗಾಳಿ ಬೇಕು. ಸೊಳ್ಳೆ ಪರದೆ ಕಟ್ಟಿದರೆ ಸೊಳ್ಳೆಯೂ ಇಲ್ಲ, ನೇರ ಗಾಳಿ ಬೀಸುವುದೂ ಕಡಿಮೆ, ಸೊಳ್ಳೆಗೆ ಅಂತ ಫ್ಯಾನ್ ಹಾಕುವ ಅಗತ್ಯವೇ ಬರುವುದಿಲ್ಲ. ಹೀಟರ್ ಇದ್ದರೆ ಮಲಗುವ ಮುಂಚೆ ಅರ್ಧ ಗಂಟೆ ಹಾಕಿ, ಮಲಗಿದ ಮೇಲೆ ಆರಿಸಿ. ಕೆಂಪಗೆ ಕಾಯುವ ರಾಡ್ ಹೀಟರ್‌ಗಿಂತ ಎಣ್ಣೆ ತುಂಬಿದ್ದು ಮಕ್ಕಳಿರುವ ಕೋಣೆಗೆ ವಾಸಿ, ಆದರೂ ಪರದೆ, ಹಾಸಿಗೆಯಿಂದ ಮೂರು ಅಡಿ ದೂರ ಇರಲೇಬೇಕು.

ಇದನ್ನು ಕೈಮುಗಿದು ಕೇಳುತ್ತೇನೆ: ಕೆಂಡದ ಅಗ್ಗಿಷ್ಟಿಕೆಯನ್ನು ಮಲಗುವ ಕೋಣೆಯಲ್ಲಿ ಇಡಬೇಡಿ. ಹೊಗೆ ಇಲ್ಲ, ಬರೀ ಕೆಂಡ ತಾನೇ ಅಂದುಕೊಳ್ಳುತ್ತಾರೆ. ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಕಣ್ಣು ಉರಿಯುವುದಿಲ್ಲ. ಮಲಗಿದವರು ಮಲಗಿದಲ್ಲೇ ಹೋಗುತ್ತಾರೆ. ಚಳಿಗಾಲ ಬಂದರೆ ಇಂಥ ಸುದ್ದಿ ಪತ್ರಿಕೆಯಲ್ಲಿ ಓದುತ್ತಲೇ ಇರುತ್ತೇವೆ. ಬಾಣಂತಿ ಕೋಣೆಗೆ ಕೆಂಡ ಇಡುವ ರೂಢಿ ಇರುವ ಮನೆಗಳಲ್ಲಿ ಹಿರಿಯರಿಗೆ ಕೂರಿಸಿ ಹೇಳಿ. ಸ್ನಾನವಾದ ಮೇಲೆ ಸಾಂಬ್ರಾಣಿ ಹೊಗೆ ಹಿಡಿಯುವುದೂ ಅಷ್ಟೇ, ಪುಟ್ಟ ಶ್ವಾಸಕೋಶಕ್ಕೆ ಹೊಗೆ ಯಾವುದಾದರೂ ಹೊಗೆಯೇ. ತಲೆಗೂದಲನ್ನು ಒಣ ಹತ್ತಿ ಬಟ್ಟೆಯಲ್ಲಿ ಒತ್ತಿ ಒರೆಸಿದರೆ ಸಾಕು.

ನಡುರಾತ್ರಿ ಅಳುವಿಗೆ ಎಷ್ಟೋ ಸಲ ಚಳಿ ಕಾರಣವೇ ಅಲ್ಲ, ಒದ್ದೆ ಕಾರಣ. ಚಳಿಗಾಲದಲ್ಲಿ ಬೆವರು ಕಡಿಮೆ, ಮೂತ್ರ ಜಾಸ್ತಿ. ಡೈಪರ್ ತುಂಬಿ ಸೊಂಟದ ಕಡೆಯಿಂದ ಸೋರಿ ಬೆನ್ನು ತಣ್ಣಗಾಗುತ್ತದೆ. ರಾತ್ರಿಗೆ ಒಂದು ಸೈಜ್ ದೊಡ್ಡದು ಹಾಕಿ ನೋಡಿ, ಹನ್ನೊಂದಕ್ಕೆ ಒಮ್ಮೆ ಕೈಯಾಡಿಸಿ. ಒಂದು ಜೊತೆ ಬಟ್ಟೆ, ಒಂದು ದುಪ್ಪಟಿ ಹಾಸಿಗೆಯ ಪಕ್ಕದಲ್ಲೇ ಇಟ್ಟುಕೊಂಡು ಮಲಗಿ. ದೀಪ ಹಾಕದೆ ಬದಲಿಸುವುದು ಅಭ್ಯಾಸವಾದರೆ ಮಗು ಪೂರ್ತಿ ಏಳುವುದಿಲ್ಲ.

ಎಲ್ಲ ಸರಿ ಮಾಡಿದ ಮೇಲೂ ರಾತ್ರಿಯೆಲ್ಲ ಒದ್ದಾಟ ನಿಲ್ಲದಿದ್ದರೆ ಬೇರೆ ಕಾರಣ ಹುಡುಕಬೇಕು. ಮೂಗು ಕಟ್ಟಿದೆಯಾ ನೋಡಿ. ಔಷಧಿ ಅಂಗಡಿಯಲ್ಲಿ ಸಿಗುವ ಉಪ್ಪುನೀರಿನ ಹನಿ ಮಲಗುವ ಮುಂಚೆ ಹಾಕಿದರೆ ಹಾಯಾಗುತ್ತದೆ. ಕರ್ಪೂರ ಬೆರೆಸಿದ ಎಣ್ಣೆ, ಕರ್ಪೂರ ಇರುವ ನೆಗಡಿ ಮುಲಾಮು ಎರಡು ವರ್ಷದೊಳಗಿನ ಮಕ್ಕಳಿಗೆ ಹಚ್ಚಬೇಡಿ. ಕರ್ಪೂರ ಸ್ವಲ್ಪ ಬಾಯಿಗೆ ಹೋದರೂ ಫಿಟ್ಸ್ ಬರಬಹುದು. ಚರ್ಮ ಒಣಗಿ ತುರಿಕೆ ಇದ್ದರೆ ಸ್ನಾನದ ನೀರಿನ ಬಿಸಿ ಕಡಿಮೆ ಮಾಡಿ, ಮೈ ಇನ್ನೂ ಸ್ವಲ್ಪ ಹಸಿ ಇರುವಾಗಲೇ ಕೊಬ್ಬರಿ ಎಣ್ಣೆ ಸವರಿ. ರಾತ್ರಿ ಹೊತ್ತಲ್ಲಿ ಕುಂಡೆ ಕೆರೆದುಕೊಳ್ಳುತ್ತಿದ್ದರೆ ಜಂತುಹುಳು ಇರಬಹುದು. ಅಂಗನವಾಡಿಯಲ್ಲಿ ಒಂದು ವರ್ಷ ದಾಟಿದ ಮಕ್ಕಳಿಗೆ ಅದರ ಮಾತ್ರೆ ಕೊಡುತ್ತಾರೆ. ಎರಡು ವರ್ಷದವರೆಗೆ ಅರ್ಧ ಮಾತ್ರೆ, ಪುಡಿ ಮಾಡಿ ನೀರಲ್ಲಿ ಕಲಸಿಯೇ ಕೊಡಬೇಕು.

ಇನ್ನೊಂದು ಕಾರಣವನ್ನು ನಾನೂ ತಡವಾಗಿ ತಿಳಿದೆ. ಮೈಯಲ್ಲಿ ಕಬ್ಬಿಣದ ಅಂಶ ಕಡಿಮೆ ಇರುವ ಕೆಲವು ಮಕ್ಕಳು ನಿದ್ದೆಯಲ್ಲಿ ಕಾಲು ಝಾಡಿಸುತ್ತಾರೆ, ನಿಂತಲ್ಲಿ ನಿಲ್ಲದ ಹಾಗೆ ಹೊರಳುತ್ತಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಅಂದರೆ ಮೂವರಲ್ಲಿ ಇಬ್ಬರು. ನಮ್ಮ ಮಗುವಿಗೆ ಇರಲಿಕ್ಕಿಲ್ಲ ಅಂತ ಯಾರೂ ಅಂದುಕೊಳ್ಳುವ ಹಾಗಿಲ್ಲ. ದಿನಕ್ಕೆ ಅರ್ಧ ಲೀಟರಿಗಿಂತ ಜಾಸ್ತಿ ಹಾಲು ಕುಡಿದು ಊಟ ಬಿಡುವ ಮಕ್ಕಳಲ್ಲಿ ಇದು ಇನ್ನೂ ಹೆಚ್ಚು. ಒಂದು ಸಣ್ಣ ರಕ್ತ ಪರೀಕ್ಷೆಯಲ್ಲಿ ತಿಳಿಯುತ್ತದೆ. ಆಶಾ ಕಾರ್ಯಕರ್ತೆಯರು ಕೊಡುವ ಕಬ್ಬಿಣದ ಸಿರಪ್ ಇದಕ್ಕೇ ಇರುವುದು, ವಾರಕ್ಕೆ ಎರಡು ಸಲ 1 ಮಿ.ಲೀ. ಅದನ್ನು ಕಪಾಟಿನಲ್ಲಿ ಇಟ್ಟು ಮರೆಯಬೇಡಿ. ದಿನವೂ ಗೊರಕೆ ಹೊಡೆಯುವ, ಬಾಯಿ ತೆರೆದೇ ಮಲಗುವ, ಮಧ್ಯೆ ಉಸಿರು ನಿಂತಂತೆ ಆಗಿ ಬೆಚ್ಚಿ ಏಳುವ ಮಗುವನ್ನು ಮಾತ್ರ ತಡ ಮಾಡದೆ ಮಕ್ಕಳ ಡಾಕ್ಟರಿಗೆ ತೋರಿಸಿ.

ಜ್ವರ ಬಂದ ರಾತ್ರಿ ಈ ಎಲ್ಲ ಲೆಕ್ಕ ತಲೆಕೆಳಗು. ಮೈ ಸುಡುತ್ತಿರುವಾಗ ಚೀಲ ತೆಗೆದು ಒಂದೇ ಪದರದ ಹತ್ತಿ ಬಟ್ಟೆಯಲ್ಲಿ ಮಲಗಿಸಿ. ನಡುಕ ಇದ್ದರೆ ತೆಳ್ಳನೆಯ ದುಪ್ಪಟಿ ಸಾಕು. ಬೆವರಲಿ ಅಂತ ಕಂಬಳಿ ಸುತ್ತುವುದು ತಪ್ಪು, ಜ್ವರ ಇನ್ನೂ ಏರುತ್ತದೆ.

ಊರಿಗೆ ರಾತ್ರಿ ಬಸ್ಸಲ್ಲಿ ಹೋಗುವವರಿಗೆ ಒಂದು ಮಾತು. ಎಸಿ ಸ್ಲೀಪರ್‌ನಲ್ಲಿ ಮೇಲಿನ ಗಾಳಿಯ ತೂತು ನೇರವಾಗಿ ಮಗುವಿನ ಮುಖಕ್ಕೇ ಬೀಸುತ್ತದೆ. ಹತ್ತಿದ ಕೂಡಲೇ ಅದನ್ನು ತಿರುಗಿಸಿ ಮುಚ್ಚಿ. ಕಿಟಕಿ ಗಾಜು ಬೆಳಗಿನ ಜಾವ ತಣ್ಣಗಿರುತ್ತದೆ, ಗಾಜಿನ ಕಡೆ ನೀವು ಮಲಗಿ, ಹಾದಿಯ ಕಡೆ ತಡೆ ಗಟ್ಟಿಯಾಗಿದ್ದರೆ ಮಾತ್ರ ಮಗುವನ್ನು ಆ ಕಡೆ ಮಲಗಿಸಿ. ಅವರು ಕೊಡುವ ಕಂಬಳಿ ಬಿಟ್ಟು ನಿಮ್ಮ ಚೀಲವನ್ನೇ ತೊಡಿಸಿ. ಅದರ ವಾಸನೆ ಗೊತ್ತಿರುವುದರಿಂದ ಹೊಸ ಜಾಗದಲ್ಲೂ ಬೇಗ ಮಲಗುತ್ತಾರೆ. ನನ್ನ ಮಗಳು ಧಾರವಾಡ ಬರುವವರೆಗೆ ಒಂದೇ ಸಲ ಎದ್ದದ್ದು.

ಶಿವರಾತ್ರಿಗೆ ಚಳಿ ಶಿವಶಿವ ಅಂತ ಓಡಿಹೋಗುತ್ತದೆ ಅನ್ನುತ್ತಾರಲ್ಲ, ಆಗ ನಾವು ಮಾತ್ರ ಅಭ್ಯಾಸದ ಮೇಲೆ ಅಷ್ಟೇ ಬಟ್ಟೆ ತೊಡಿಸುತ್ತಾ ಇರುತ್ತೇವೆ. ಫೆಬ್ರವರಿ ಮಧ್ಯದಿಂದ ಬೆನ್ನು ಮುಟ್ಟಿ ನೋಡುತ್ತಾ ಒಂದೊಂದೇ ಪದರ ಇಳಿಸಿ. ಮೊದಲು ಬನಿಯನ್, ಆಮೇಲೆ ಚೀಲ. ಕೌದಿಯ ಚೀಲವನ್ನು ಒಗೆದು, ಎರಡು ದಿನ ಚೆನ್ನಾಗಿ ಬಿಸಿಲಿಗೆ ಹಾಕಿ, ಒಣಗಿದ ಬೇವಿನ ಸೊಪ್ಪಿನ ಜೊತೆ ಮಡಚಿಡಿ. ಹೊಲಿಸುವಾಗಲೇ ಭುಜದಲ್ಲಿ ಎರಡು ಬೆರಳು, ಕೆಳಗಿನ ಅಂಚಿನಲ್ಲಿ ನಾಲ್ಕು ಬೆರಳು ಬಟ್ಟೆ ಒಳಗೆ ಮಡಚಿ ಬಿಡಲು ಟೈಲರ್‌ಗೆ ಹೇಳಿರಿ. ನಾನು ಹಾಗೆ ಬಿಡಿಸಿದ್ದನ್ನು ಈ ಕಾರ್ತಿಕದಲ್ಲಿ ಬಿಚ್ಚಿಸಿದೆ. ಮಡಿಕೆಯೊಳಗೆ ಅವ್ವನ ಸೀರೆಯ ಬಣ್ಣ ಮಾಸದೆ ಹಾಗೇ ಇತ್ತು, ಮಗಳು ಈಗ ದಿನಾ ರಾತ್ರಿ ಆ ಪಟ್ಟಿಯನ್ನೇ ಕೈಯಲ್ಲಿ ಹಿಡಿದುಕೊಂಡು ಮಲಗುತ್ತಾಳೆ.